ಮೊದಲು ಗಜ ಹಾಕಿ ನೋಡಿ

ವಿಜಯದಶಮಿಯ ದಿನ ಮೈಸೂರಿನಲ್ಲಿ ಚಿನ್ನದ ಅಂಬಾರಿಯೊಳಗಿನ ಚಾಮುಂಡೇಶ್ವರಿಗೆ ಪುಷ್ಪಾರ್ಚನೆಯಾಗುವ ಹೊತ್ತಿಗೆ ಅರಮನೆಯ ಪಕ್ಕದಲ್ಲಿ ಏಳು ಫಿರಂಗಿಗಳು ತಲಾ ಮೂರು ಸಲ ಗುಡುಗುತ್ತವೆ. ರಾಷ್ಟ್ರಗೀತೆ ಮುಗಿಯುವುದರೊಳಗೆ, ಅಂದರೆ 52 ಸೆಕೆಂಡಿನಲ್ಲಿ, 21 ಕುಶಾಲತೋಪು ಹಾರಿ ಮುಗಿದಿರಬೇಕು. ನೋಡುವವರ ಕಣ್ಣೆಲ್ಲ ಆನೆಯ ಮೇಲೆ. ನನ್ನ ಕಣ್ಣು ಮಾತ್ರ ಉದ್ದನೆಯ ಕೋಲಿನ ತುದಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ನಿಂತ ಪೊಲೀಸಿನವರ ಮೇಲೆ ಹೋಗುತ್ತದೆ. ಒಂದು ಈಡು ಹಾರಿದ ಮರುಗಳಿಗೆ ಅವರು ಆ ಕೋಲನ್ನು ನಳಿಗೆಯೊಳಗೆ ತೂರಿಸಿ, ತಿರುವಿ, ಎಳೆಯುತ್ತಾರೆ. ಆಮೇಲಷ್ಟೇ ಮುಂದಿನ ಮದ್ದಿನ ಗಂಟು ಒಳಗೆ ಹೋಗುವುದು. ಒಳಗೆಲ್ಲೋ ಸಾಸಿವೆ ಕಾಳಿನಷ್ಟು ಕೆಂಡ ಉಳಿದಿದ್ದರೂ ಸಾಕು, ಮದ್ದು ತುಂಬುವವನ ಕೈ ಇನ್ನೂ ನಳಿಗೆಯ ಬಾಯಿಯಲ್ಲಿರುವಾಗಲೇ ಅದು ಹಾರಿಬಿಡುತ್ತದೆ. ದಸರೆಗೆ ಮುಂಚಿನ ತಾಲೀಮು ಆನೆ ಕುದುರೆಗಳಿಗೆ ಸದ್ದು ಅಭ್ಯಾಸವಾಗಲಿ ಎಂದು ಪತ್ರಿಕೆಗಳು ಬರೆಯುತ್ತವೆ. ನಿಜವೇ. ಆದರೆ ಅರ್ಧ ತಾಲೀಮು ಆ ಒದ್ದೆ ಕೋಲಿನದು.

ಬಾಯಿಯಿಂದ ಮದ್ದು ತುಂಬುವ ಆಯುಧದ ಪೂರ್ತಿ ಕ್ರಮ ನಮ್ಮ ರಾಜ್ಯದಲ್ಲಿ ಇಷ್ಟು ಬಹಿರಂಗವಾಗಿ ಕಾಣಸಿಗುವುದು ಅಲ್ಲೇ ಇರಬೇಕು. ಅದರ ಚಿಕ್ಕ ತಮ್ಮಂದಿರು ಮಾತ್ರ ಮಲೆನಾಡು, ಕರಾವಳಿ, ಕೊಡಗಿನ ಎಷ್ಟೋ ಮನೆಗಳ ಅಟ್ಟದಲ್ಲಿ, ಬಾಗಿಲ ಹಿಂದೆ, ದೇವರ ಕೋಣೆಯ ಮೂಲೆಯಲ್ಲಿ ನಿಂತಿವೆ. ನಮ್ಮ ಕಡೆ ಇದಕ್ಕೆ ಕೇಪಿನ ಕೋವಿ ಎನ್ನುತ್ತೇವೆ, ತೋಟಾ ಹಾಕುವ ತೋಟಾಕೋವಿಯಿಂದ ಬೇರೆ ಎಂದು ತಿಳಿಸಲು. ಮನೆಯವರಿಗೆ ಅದು ಅಜ್ಜನ ನೆನಪು. ಪೊಲೀಸ್ ಠಾಣೆಗೆ ರಿಜಿಸ್ಟರಿನ ಒಂದು ಸಾಲು. ಪೇಟೆಯಿಂದ ಬಂದ ಮೊಮ್ಮಕ್ಕಳಿಗೆ ಒಮ್ಮೆಯಾದರೂ ಹಾರಿಸಿ ನೋಡಬೇಕೆಂಬ ಆಸೆ. ಕಾಪಾಡುವುದು, ರಿಪೇರಿ ಮಾಡಿಸುವುದು, ಹಾರಿಸುವುದು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಇವು ಒಂದಕ್ಕೊಂದು ಆಗಿಬರದ ಕೆಲಸಗಳು ಎಂಬುದು ನನ್ನ ಖಚಿತ ಅಭಿಪ್ರಾಯ. ಕೋವಿಗಳು ಹಾಳಾದದ್ದೂ ಕೈಬೆರಳುಗಳು ಹೋದದ್ದೂ ಬಹುಪಾಲು ಇವನ್ನು ಕಲಸಿದ್ದರಿಂದಲೇ.

ಮೊದಲಿಗೆ ಮದ್ದಿನ ಗುಣ ಗೊತ್ತಿರಬೇಕು. ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಸುಮಾರು 75, 15, 10ರ ಪ್ರಮಾಣ ಎಂದು ಶಾಲೆಯ ಪುಸ್ತಕದಲ್ಲೂ ಇರುತ್ತದೆ. ಪುಸ್ತಕದಲ್ಲಿ ಇಲ್ಲದ ಸಂಗತಿಯೆಂದರೆ, ಉರಿದ ಮದ್ದಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗುವುದೇ ಇಲ್ಲ. ಅದು ಘನರೂಪದ ಉಳಿಕೆ; ಸ್ವಲ್ಪ ಬಿಳಿಯ ಹೊಗೆಯಾಗಿ ಹೊರಗೆ ಬರುತ್ತದೆ, ಮಿಕ್ಕದ್ದು ಕಪ್ಪು ಕಿಟ್ಟವಾಗಿ ನಳಿಗೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಪೊಟ್ಯಾಸಿಯಂ ಲವಣಗಳ ಆ ಕಿಟ್ಟ ಗಾಳಿಯ ತೇವವನ್ನು ಹೀರುತ್ತದೆ. ಆಗುಂಬೆ ಸೀಮೆಯ ಆಷಾಢದಲ್ಲಿ ಒಂದು ಈಡು ಹೊಡೆದು ಕೋವಿಯನ್ನು ಹಾಗೇ ಒರಗಿಸಿಟ್ಟರೆ ಬೆಳಗಾಗುವಷ್ಟರಲ್ಲಿ ನಳಿಗೆಯ ಬಾಯಿ ಕೆಂಪಾಗಿರುತ್ತದೆ.

ಈ ಕಿಟ್ಟದ ಉಪದ್ರವ ಚರಿತ್ರೆಗೂ ಅಂಟಿದೆ. 1857ರ ದಂಗೆಯ ಮಾತು ಬಂದಾಗ ಎನ್‌ಫೀಲ್ಡ್ ರೈಫಲ್, ದನ ಹಂದಿಯ ಕೊಬ್ಬು ಸವರಿದ ತೋಟಾ ಎಂದು ಎಲ್ಲರೂ ಹೇಳುತ್ತಾರೆ. ಆ ಕೊಬ್ಬು ಯಾತಕ್ಕೆ ಬೇಕಿತ್ತು ಎಂದು ಕೇಳುವವರು ಕಡಿಮೆ. 1853ರ ಮಾದರಿಯ ಆ ಬಂದೂಕಿನ ನಳಿಗೆಯೊಳಗೆ ಸುರುಳಿ ಗೆರೆಗಳಿದ್ದವು. ಪ್ರತಿ ಈಡಿಗೆ ಹೆಚ್ಚುಕಡಿಮೆ ನಾಲ್ಕೂವರೆ ಗ್ರಾಮ್ ಮದ್ದು. ನಾಲ್ಕಾರು ಈಡು ಹೊಡೆಯುವಷ್ಟರಲ್ಲಿ ಕಿಟ್ಟ ಕಟ್ಟಿ ಮುಂದಿನ ಗುಂಡು ಇಳಿಯದು. ಕಿಟ್ಟ ಮೆತ್ತಗಿರಬೇಕಾದರೆ ಜಿಡ್ಡು ಬೇಕು. ಇಂದಿಗೂ ಈ ಬಗೆಯ ಬಂದೂಕು ಹಾರಿಸುವ ಹವ್ಯಾಸಿಗಳು ಜೇನುಮೇಣಕ್ಕೆ ಕೊಬ್ಬು ಬೆರೆಸಿಯೇ ಗುಂಡಿಗೆ ಸವರುತ್ತಾರೆ. ಯಂತ್ರಗಳಿಗೆ ಹಾಕುವ ಖನಿಜ ತೈಲ ಕರಿಮದ್ದಿನ ಬೆಂಕಿಗೆ ಡಾಂಬರಿನಂತೆ ಕಟ್ಟಿಕೊಳ್ಳುತ್ತದೆ. ಒಂದು ಕಂಪನಿ ಸರ್ಕಾರ ಅಲುಗಾಡಿದ್ದಕ್ಕೆ ಕಾರಣಗಳು ನೂರಿದ್ದವು, ಮದ್ದಿನ ಈ ಕಿಟ್ಟವೂ ಅದರಲ್ಲೊಂದು.

ಕೇಪಿನ ಕಥೆ ಚಿಕ್ಕದು. ಅದಕ್ಕಿಂತ ಮೊದಲು ಉರಿಯುವ ಬತ್ತಿ ತಾಗಿಸುವ ಕೋವಿಗಳಿದ್ದವು, ಆಮೇಲೆ ಚಕಮಕಿ ಕಲ್ಲಿನವು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್‌ಗೆ ಹಕ್ಕಿ ಬೇಟೆಯ ಹುಚ್ಚು. ಚಕಮಕಿಯ ಕಿಡಿ ಕಂಡು ಹಕ್ಕಿ ಹಾರಿಹೋಗುತ್ತದೆಂದು ಬೇಸತ್ತು, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಕಿಡಿ ಹೊತ್ತಿಸುವ ಉಪಾಯಕ್ಕೆ 1807ರಲ್ಲಿ ಪೇಟೆಂಟ್ ಪಡೆದ. 1820ರ ದಶಕದಲ್ಲಿ ಅದು ತಾಮ್ರದ ಪುಟ್ಟ ಟೋಪಿಯ ರೂಪಕ್ಕೆ ಬಂತು. ಅದೇ ನಮ್ಮ ಕೇಪು. ಯೂರೋಪಿನಲ್ಲಿ ಅರ್ಧ ಶತಮಾನ ಬಾಳಿ ಮೂಲೆ ಸೇರಿದ ಈ ತಂತ್ರ ನಮ್ಮಲ್ಲಿ ಇಪ್ಪತ್ತೊಂದನೆಯ ಶತಮಾನಕ್ಕೂ ಬಂದಿದೆ. ಬೆಳೆ ಕಾಯುವ ರೈತನ ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್ ಎಂಬ ನಾಲ್ಕಕ್ಷರ ಇಂದಿಗೂ ಇದೆ: ಒಂಟಿ ನಳಿಗೆಯ, ಬಾಯಿಂದ ತುಂಬುವ ಕೋವಿ. ಕೆಲವು ಬರ್ಮಿಂಗ್‌ಹ್ಯಾಮಿನವು, ಕೆಲವು ಬೆಲ್ಜಿಯಂನವು. ಇನ್ನು ಕೆಲವು ಬಿಹಾರದ ಮುಂಗೇರಿನವು. ಬಂಗಾಳದ ನವಾಬ ಮೀರ್ ಕಾಸಿಂ 1760ರ ದಶಕದಲ್ಲಿ ಅಲ್ಲಿ ಆಯುಧದ ಕಾರ್ಖಾನೆ ಹೂಡಿದಂದಿನಿಂದ ಆ ಊರಿಗೆ ಬಂದೂಕಿನ ಕಸುಬು ಅಂಟಿಕೊಂಡಿದೆ.

ನಮ್ಮ ಮನೆಯದು ಯಾವ ಊರಿನದೆಂದು ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ. ತೀರ್ಥಹಳ್ಳಿ ಕಡೆಯ ಹಳೆಯ ಮನೆ. ಅಜ್ಜನಿಂದ ದೊಡ್ಡಪ್ಪನ ಹೆಸರಿಗೆ ಬಂದ ಲೈಸೆನ್ಸ್. “ತುಕ್ಕು ಹಿಡೀತಾ ಉಂಟು, ಇದನ್ನೊಂದು ಸಲ ಸರಿ ಮಾಡ್ಸಿಡು ಮಾರಾಯ” ಎಂದರು ದೊಡ್ಡಪ್ಪ. “ತುಂಬಿದೆಯಾ?” ಎಂದೆ. “ಇಲ್ಲ ಕಣೋ, ನಾನೇ ಖಾಲಿ ಮಾಡಿಟ್ಟಿದ್ದು.” ಓದಿದ್ದು ನೆನಪಿತ್ತು, ಬಾಯಿಯನ್ನು ಯಾರ ಕಡೆಗೂ ತೋರಿಸದೆ, ಮುಖವನ್ನು ಅದರ ಮೇಲೆ ತಾರದೆ, ಗಜವನ್ನು, ಅಂದರೆ ಮದ್ದು ಗುಂಡು ಒತ್ತುವ ಕೋಲನ್ನು, ಒಳಗೆ ಮೆಲ್ಲಗೆ ಬಿಟ್ಟೆ. ತಳಕ್ಕೆ ಮುಟ್ಟಿತು. ಬಾಯಿಯ ಅಂಚಿಗೆ ಸರಿಯಾಗಿ ಪೆನ್ಸಿಲಿನ ಗೆರೆ ಹಾಕಿ ಹೊರಗೆಳೆದು, ಗೆರೆಯನ್ನು ಬಾಯಿಗೇ ಹೊಂದಿಸಿ ಗಜವನ್ನು ನಳಿಗೆಯ ಹೊರಮೈಗೆ ಮಲಗಿಸಿದೆ. ಖಾಲಿ ಕೋವಿಯಾದರೆ ಗಜದ ತುದಿ ಕೇಪು ಕೂರಿಸುವ ನಿಪ್ಪಲ್ಲಿನವರೆಗೆ ಬರಬೇಕು. ನಾಲ್ಕು ಬೆರಳು ಮೊದಲೇ ನಿಂತಿತ್ತು. ದೊಡ್ಡಪ್ಪ ಮತ್ತೆ ಅಳೆಯಲು ಹೇಳಿದರು. ಅಳೆದೆ. ನಾಲ್ಕೇ ಬೆರಳು. ಅವರು ಏನೂ ಹೇಳದೆ ಕವಳದ ತಟ್ಟೆ ಎಳೆದುಕೊಂಡರು.

ಲೈಸೆನ್ಸ್ ಇರುವ ಪೇಟೆಯ ಬಂದೂಕಿನ ಅಂಗಡಿಯವರು ಅದನ್ನು ಬಿಚ್ಚಿದ್ದು ನೋಡಿದೆ. ಅವಸರವೇ ಇಲ್ಲ. ನಿಪ್ಪಲ್ ಇರುವ ತೂತಿನಿಂದಲೂ ಬಾಯಿಯಿಂದಲೂ ನೀರು ತುಂಬಿಸಿ ಒಂದು ದಿನ ಬಿಟ್ಟರು. ಪೆಟ್ಲುಪ್ಪು ನೀರಿನಲ್ಲಿ ಕರಗುತ್ತದೆ, ಒದ್ದೆಯಾದ ಮದ್ದು ಹಾರದು. ಮರುದಿನ ಗಜದ ತುದಿಗೆ ತಿರುಪಿನ ಕೊಕ್ಕೆ ಹಾಕಿ ತಿರುವಿ ಎಳೆದರು. ಮೊದಲು ತೆಂಗಿನ ನಾರಿನ ಉಂಡೆ, ಆಮೇಲೆ ಒಂದು ಹಿಡಿ ಚರೆ, ಮತ್ತೆ ನಾರು, ಕೊನೆಗೆ ಮಸಿಯಂಥ ರಾಡಿ. ನಾರು ನಿನ್ನೆ ಸುಲಿದಂತಿತ್ತು. ತಮಾಷೆಯೆಂದರೆ, ಆ ಕೋವಿ ಎರಡು ಚುನಾವಣೆಗಳಲ್ಲಿ ಠಾಣೆಯ ಕೋಣೆಯಲ್ಲಿ ಜಮೆಯಾಗಿ ತಿಂಗಳುಗಟ್ಟಲೆ ಇದ್ದು ಬಂದದ್ದು. ಹೋದದ್ದೂ ತುಂಬಿದ್ದೇ, ಬಂದದ್ದೂ ತುಂಬಿದ್ದೇ. ಮರಳಿ ಬರುವಾಗ ತುಕ್ಕು ಮಾತ್ರ ಹೆಚ್ಚಿತ್ತು.

ಹಳ್ಳಿಯವರ ಅಜಾಗ್ರತೆ ಎಂದು ನಗಬೇಡಿ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನವರ ಬಳಿ ಹದಿನೆಂಟನೆಯ ಶತಮಾನದ ಬ್ರಿಟಿಷ್ ಫಿರಂಗಿಯೊಂದು ಎಷ್ಟೋ ಕಾಲದಿಂದ ಇತ್ತು. 2013ರ ಜನವರಿಯಲ್ಲಿ ತುಕ್ಕು ತೆಗೆಯಲು ಕೂತ ಸಂರಕ್ಷಕರಿಗೆ ಒಳಗೆ ಗುಂಡೂ ಅದರ ಹಿಂದೆ ಮುಕ್ಕಾಲು ಕಿಲೋಗೂ ಹೆಚ್ಚು ಮದ್ದೂ ಸಿಕ್ಕವು. ಅಮೆರಿಕದ ವರ್ಜೀನಿಯಾದಲ್ಲಿ 2008ರಲ್ಲಿ ಅನುಭವಿ ಸಂಗ್ರಾಹಕರೊಬ್ಬರು ಅಂತರ್ಯುದ್ಧದ ಕಾಲದ ಫಿರಂಗಿ ಗುಂಡನ್ನು ಮನೆಯಂಗಳದಲ್ಲಿ ಶುಚಿಮಾಡುವಾಗ ಅದು ಸಿಡಿದು ತೀರಿಕೊಂಡರು. ಮದ್ದಿಗೆ ವಯಸ್ಸಾಗುವುದಿಲ್ಲ. ಒಣಗಿದ್ದರೆ ನೂರೈವತ್ತು ವರ್ಷದ ಮೇಲೂ ಅದು ಮದ್ದೇ. ಆದ್ದರಿಂದ ಕೊರೆಯುವುದು, ಬಿಸಿ ಮಾಡುವುದು, ಬೆಸುಗೆ ಹಾಕುವುದು, ಒಳಗೆ ಕಬ್ಬಿಣದ ಸಲಾಕೆಯಿಂದ ಕುಟ್ಟುವುದು, ಇವೆಲ್ಲ ಗಜದ ಅಳತೆ ನೋಡುವ ಮೊದಲು ಯೋಚನೆಗೇ ಬರಬಾರದು.

ಕೋವಿ ಖಾಲಿ ಎಂದು ಖಾತ್ರಿಯಾದ ಮೇಲೆ ಬರುವ ಎರಡನೆಯ ಶತ್ರು ಉಪ್ಪುಕಾಗದ. ನೆರೆಮನೆಯ ಹುಡುಗನೊಬ್ಬ ಆಯುಧಪೂಜೆಗೆಂದು ತಮ್ಮ ಮನೆಯ ಕೋವಿಯನ್ನು ಎರಡು ದಿನ ತಿಕ್ಕಿ ಹೊಸ ಚಮಚದಂತೆ ಹೊಳೆಯಿಸಿದ್ದ. ಎಲ್ಲರೂ ಶಹಭಾಸ್ ಎಂದರು. ಆ ಎರಡು ದಿನದಲ್ಲಿ ಅವನು ಅಳಿಸಿಹಾಕಿದ್ದು ನಳಿಗೆಯ ಬುಡದಲ್ಲಿದ್ದ ಚಿಕ್ಕ ಮುದ್ರೆಗಳನ್ನು. ಲಂಡನ್ನಿನ ಬಂದೂಕುಗಾರರ ಸಂಘಕ್ಕೆ 1637ರಲ್ಲೇ ಸನ್ನದು ಸಿಕ್ಕಿತ್ತು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರದು. ಅಲ್ಲಿ ಪ್ರತಿ ನಳಿಗೆಗೂ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ತಾಳಿಕೊಂಡದ್ದಕ್ಕೆ ಮಾತ್ರ ಕಿರೀಟ, ಅಡ್ಡಡ್ಡ ರಾಜದಂಡಗಳ ಮುದ್ರೆ ಒತ್ತುತ್ತಿದ್ದರು. ಆ ಮುದ್ರೆ ಕೋವಿಯ ಜಾತಕ. ಊರು, ಸುಮಾರಿನ ಕಾಲ, ಯಾವ ಮದ್ದಿಗೆ ಪರೀಕ್ಷೆಯಾಗಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ನಮ್ಮ ಕೋವಿಯ ನಳಿಗೆಯನ್ನು ಎಣ್ಣೆಬಟ್ಟೆಯಿಂದ ಒರೆಸಿ ಭೂತಗನ್ನಡಿ ಹಿಡಿದಾಗ ಕಾಣಿಸಿದ್ದು ಅದೇ ಕಿರೀಟ, ಅದರ ಕೆಳಗೆ ಬಿ, ಪಿ, ಸಿ ಎಂಬ ಅಕ್ಷರಗಳು. ಬರ್ಮಿಂಗ್‌ಹ್ಯಾಮಿನದು! ಟಿಪ್ಪುವಿನ ಶ್ರೀರಂಗಪಟ್ಟಣದ ಕಾರ್ಖಾನೆಯ ಬಂದೂಕುಗಳಿಗೆ ಹುಲಿಪಟ್ಟೆಯ ಗುರುತೇ ಸಾಕ್ಷಿ. ಅದನ್ನು ಉಜ್ಜಿ ತೆಗೆದರೆ ಉಳಿಯುವುದು ಕಬ್ಬಿಣದ ಕೊಳವೆ.

2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳುಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ಬಾವಿಯ ಕೆಸರು ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ; ಪುರಾತತ್ವ ಇಲಾಖೆಯವರಿಗೆ ಸುಳಿವು ಕೊಟ್ಟದ್ದೇ ಆ ವಾಸನೆ. ತುಕ್ಕು ತಿಂದ ಆ ಕೊಳವೆಗಳನ್ನು ಯಾರೂ ಪಾಲಿಶ್ ಮಾಡಹೋಗಲಿಲ್ಲ. ಮನೆಯ ಕೋವಿಗೂ ಅದೇ ಮರ್ಯಾದೆ ಸಲ್ಲಬೇಕು. ಕಬ್ಬಿಣದ ಮೇಲಿನ ಕಪ್ಪು ಮಿಶ್ರಿತ ಕಂದು ಪದರ ರೋಗವಲ್ಲ, ಅದು ಒಂದು ಬಗೆಯ ಚರ್ಮ. ಕೆಳಗಿನ ಲೋಹವನ್ನು ಕಾಯುತ್ತದೆ. ಬೆರಳಿಗೆ ಪುಡಿ ಹತ್ತುವ ಕಿತ್ತಳೆ ಬಣ್ಣದ ತುಕ್ಕೇ ಜೀವಂತ ತುಕ್ಕು. ಎಣ್ಣೆ ಸವರಿ ಎರಡು ದಿನ ನೆನೆಬಿಟ್ಟು, ಹಿತ್ತಾಳೆಯ ಅಂಚಿನಿಂದಲೋ ಬಲು ನಯವಾದ ಉಕ್ಕಿನ ನಾರಿನಿಂದಲೋ ಅಷ್ಟನ್ನೇ ಎಬ್ಬಿಸಿದರೆ ಸಾಕು. ಆಮೇಲೆ ತೆಳ್ಳಗೆ ಮೇಣ. ಮ್ಯೂಸಿಯಮ್ಮುಗಳಲ್ಲಿ ಬಳಸುವ ಸೂಕ್ಷ್ಮಸ್ಫಟಿಕ ಮೇಣ ನಮ್ಮ ಮಳೆಗಾಲಕ್ಕೆ ಎಣ್ಣೆಗಿಂತ ವಾಸಿ, ಧೂಳು ಹಿಡಿಯದು. ಅಜ್ಜ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಅಜ್ಜನ ಕಾಲಕ್ಕೆ ವಾರಕ್ಕೊಮ್ಮೆ ಒರೆಸಿ ಹಚ್ಚುವವರಿದ್ದರು. ವರ್ಷಕ್ಕೊಮ್ಮೆ ನೋಡುವ ನಮ್ಮ ಕೈಯಲ್ಲಿ ಅದು ಹಳತಾಗಿ ಹುಳಿತು ಹಿತ್ತಾಳೆಗೆ ಕಿಲುಬು ತರಿಸುತ್ತದೆ.

ಮರಕ್ಕೆ ವಾರ್ನಿಷ್ ಬೇಡ. ಅಗಸೆಎಣ್ಣೆ ನಾಲ್ಕು ತೊಟ್ಟು ಅಂಗೈಯಲ್ಲಿ ತೀಡಿ ಹಚ್ಚಿದರೆ ಬೇಕಾದಷ್ಟಾಯಿತು. ತಿರುಪುಗಳನ್ನು ಬಿಚ್ಚುವುದೇ ಆದರೆ ಸೀಳಿಗೆ ಸರಿಯಾಗಿ ಕೂರುವ ತಿರುಪುಳಿಯನ್ನೇ ಅರೆದು ಮಾಡಿಕೊಳ್ಳಬೇಕು. ಹಳೆಯ ತಿರುಪಿನ ಸೀಳು ಒಮ್ಮೆ ಕಿತ್ತುಹೋದರೆ ಅದರ ಜೋಡಿ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗದು. ಇನ್ನು, ಬಂದ ನೆಂಟರೆಲ್ಲ ಕೇಪಿಗೆ ಬಡಿಯುವ ಕುದುರೆಯನ್ನು ಎಳೆದು ಟಕ್ ಎನ್ನಿಸಿ ನೋಡುವ ಚಟ ಇದೆಯಲ್ಲ, ಅದನ್ನು ಮೊದಲು ಬಿಡಿಸಬೇಕು. ಕೇಪಿಲ್ಲದೆ ಬಿದ್ದ ಕುದುರೆ ನಿಪ್ಪಲ್ಲಿನ ತುದಿಯನ್ನು ಚಪ್ಪಟೆ ಮಾಡುತ್ತದೆ. ಒಳಗಿನ ನೂರು ವರ್ಷದ ಸ್ಪ್ರಿಂಗ್ ಯಾವ ಎಳೆತಕ್ಕೆ ಮುರಿಯುತ್ತದೋ ಹೇಳಲಾಗದು.

ಇಲ್ಲಿಂದ ಮುಂದೆ ಹೆಜ್ಜೆ ಇಟ್ಟರೆ, ಅಂದರೆ ನಿಪ್ಪಲ್ ಬದಲಿಸಿ ಸ್ಪ್ರಿಂಗ್ ಹಾಕಿಸಿ ‘ಚಾಲ್ತಿ’ ಮಾಡಿಸಲು ಹೊರಟರೆ, ಕಾನೂನು ಎದುರಾಗುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೆಯ ಕಲಮು ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ ನಿಜ. ಷರತ್ತು ಏನೆಂದರೆ, ಅದು ರಿಪೇರಿ ಮಾಡಿದರೂ ಹಾರಿಸಲು ಬಾರದಂತಿರಬೇಕು. ಸರಿಪಡಿಸಬಹುದಾದ ಕೋವಿ ಆಯುಧವೇ. ಲೈಸೆನ್ಸ್ ಬೇಕೇ ಬೇಕು. ಅದೇ ಕಾಯ್ದೆಯ 5ನೆಯ ಕಲಮಿನ ಪ್ರಕಾರ ವ್ಯಾಪಾರಕ್ಕಾಗಿ ರಿಪೇರಿ ಮಾಡುವವನಿಗೂ, ಪರೀಕ್ಷಿಸುವವನಿಗೂ ಲೈಸೆನ್ಸ್ ಇರಬೇಕು. ಊರಿನ ಕಮ್ಮಾರ ಎಷ್ಟೇ ಕೈಚಳಕದವನಾಗಿರಲಿ, ಅವನ ಕುಲುಮೆಗೆ ಕೋವಿ ಒಯ್ದರೆ ಅವನನ್ನೂ ಸಿಕ್ಕಿಸಿದಂತೆ. ನೂರು ವರ್ಷ ದಾಟಿದ್ದಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಬಂತು. ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ಬೇರೆ ದೇಶಗಳು ಈ ಗೆರೆಯನ್ನು ಬೇರೆ ಕಡೆ ಎಳೆದಿವೆ. ಬ್ರಿಟನ್ನಿನ 1968ರ ಕಾಯ್ದೆ ಕೇಳುವುದು ಉದ್ದೇಶವನ್ನು: ಗೋಡೆಯ ಅಲಂಕಾರಕ್ಕೋ ಕುತೂಹಲಕ್ಕೋ ಇಟ್ಟ ಪುರಾತನ ಬಂದೂಕಿಗೆ ಪ್ರಮಾಣಪತ್ರ ಬೇಡ, ಅದನ್ನೇ ಹಾರಿಸುವುದಾದರೆ ಬೇಕು. ಅಮೆರಿಕದ ಒಕ್ಕೂಟ ಕಾನೂನು ಇಸವಿ ನೋಡುತ್ತದೆ. 1898ರವರೆಗೆ ತಯಾರಾದವು, ಮತ್ತು ಕರಿಮದ್ದಿನ ಬಾಯಿತುಂಬುವ ಕೋವಿಗಳ ಹೊಸ ಪ್ರತಿಕೃತಿಗಳು ಸಹ, ಅದರ ಲೆಕ್ಕದಲ್ಲಿ ಮಾಮೂಲಿ ಬಂದೂಕಲ್ಲ. ಒಂದೊಂದು ರಾಜ್ಯದ ಕಟ್ಟಳೆ ಬೇರೆ ಇರುತ್ತದೆ. ಅಲ್ಲಿರುವ ಕನ್ನಡದ ಹುಡುಗರು ಒಂದನ್ನು ಕೊಂಡು ‘ಊರಿಗೆ ತರ್ತೀನಿ ಚಿಕ್ಕಪ್ಪ’ ಎಂದರೆ ಬೇಡವೆಂದು ಹೇಳಿ. ಅಲ್ಲಿಯ ಆಟದ ಸಾಮಾನು ಇಲ್ಲಿಯ ವಿಮಾನ ನಿಲ್ದಾಣದಲ್ಲಿ ಲೈಸೆನ್ಸಿಲ್ಲದ ಆಯುಧ. ಮೂರರಲ್ಲಿ ಬ್ರಿಟನ್ನಿನದು ನನಗೆ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. ನಮ್ಮ ಕಾನೂನಿನಲ್ಲಿ ಅಜ್ಜನ ಕೋವಿಯನ್ನು ನಿಶ್ಚಿಂತೆಯಿಂದ ಇಟ್ಟುಕೊಳ್ಳಲು ಸುಲಭದ ದಾರಿ ಅದನ್ನು ಪೂರ್ತಿ ಕೆಡಿಸುವುದೇ ಆಗಿಬಿಡುತ್ತದೆ. ಸಂರಕ್ಷಣೆ ಕಲಿಸುವವರು ಇದನ್ನು ಕೇಳಿ ತಲೆ ಚಚ್ಚಿಕೊಂಡಾರು.

ಆಯುಧ ಕಾನೂನಿನ ಈ ಕಸಿವಿಸಿ ಇಂದಿನದಲ್ಲ. 1857ರ ನಿಶ್ಶಸ್ತ್ರೀಕರಣ ಕಾನೂನು ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸೆವು ಎಂದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಕಂಪನಿಯ ಸೈನ್ಯ ಊರನ್ನು ಸುಟ್ಟಿತು, ನಾಯಕರನ್ನು ಮುಧೋಳದಲ್ಲಿ ನೇಣಿಗೆ ಹಾಕಿತು. ಲಾವಣಿಗಳು ಇಂದಿಗೂ ಅದನ್ನು ಹಾಡುತ್ತವೆ. ಅದೇ ಕಾನೂನಿನಿಂದ 1861ರಲ್ಲಿ ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟರು, ಅವರ ನಿಷ್ಠೆಗೆ ಮೆಚ್ಚಿ. ಒಂದೇ ಕಾನೂನು, ನಾಲ್ಕು ವರ್ಷದ ಅಂತರ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಆ ವಿನಾಯಿತಿ ಈಗಲೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು.

ಕೊಡಗಿನಲ್ಲಿ ಕೋವಿಯನ್ನು ನೋಡಿಕೊಳ್ಳುವ ರೀತಿಗೆ ಕಾನೂನಿಗಿಂತ ಹಬ್ಬದ ಪಾಲು ದೊಡ್ಡದು. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್‌ಗೆ ಮನೆಯ ಕೋವಿ ಕತ್ತಿಗಳೆಲ್ಲ ಹೊರಬಂದು, ಶುಚಿಯಾಗಿ, ‘ತೋಕ್ ಪೂ’ ಎಂಬ ಹೂ ಮುಡಿದು ದೀಪದ ಮುಂದೆ ನಿಲ್ಲುತ್ತವೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಈಡು. ಗಂಡು ಮಗು ಹುಟ್ಟಿದರೆ ಒಂದು, ಮನೆಯಲ್ಲಿ ಸಾವಾದರೆ ಎರಡು. ಮಳೆ ಇಳಿಮುಖವಾಗುವ ಹೊತ್ತಿಗೆ ವರ್ಷಕ್ಕೊಮ್ಮೆ ತಪ್ಪದೆ ಆಯುಧವನ್ನು ಕೈಗೆತ್ತಿಕೊಂಡು ಒರೆಸುವ ಕಟ್ಟಳೆ ಇದ್ದಲ್ಲಿ ತುಕ್ಕು ಆಳಕ್ಕಿಳಿಯದು. ಘಟ್ಟದ ಮೇಲಿನ ನಮ್ಮ ಮನೆಗಳಲ್ಲಿ ಆಯುಧಪೂಜೆಗೆ ಕುಂಕುಮ ಬೀಳುತ್ತದೆ, ಎಣ್ಣೆ ಬೀಳುವುದಿಲ್ಲ. ಅಂದಹಾಗೆ ಮಡಿಕೇರಿ ಕೋಟೆಯ ಒಳಗಿನ ಹಳೆಯ ಇಗರ್ಜಿಯಲ್ಲಿ ಸರ್ಕಾರಿ ಮ್ಯೂಸಿಯಂ ಇದೆ. ಅಲ್ಲಿಯ ಹಳೆಯ ಆಯುಧಗಳ ಮುಂದೆ ಹತ್ತು ನಿಮಿಷ ನಿಂತರೆ ಲೋಹದ ಮೈಬಣ್ಣ ಎಂದರೇನೆಂದು ಕಣ್ಣಿಗೇ ತಿಳಿಯುತ್ತದೆ.

ಈಗ ಹಾರಿಸುವ ಮಾತು. ಹಾರಿಸಬಾರದೆಂದು ನಾನು ಹೇಳುವುದಿಲ್ಲ. ಅಮೆರಿಕದಲ್ಲಿ 1933ರಿಂದ ಈ ಕೋವಿಗಳ ರಾಷ್ಟ್ರೀಯ ಸಂಘವಿದೆ. 1971ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಮಿತಿ ವಿಶ್ವ ಚಾಂಪಿಯನ್‌ಷಿಪ್ ನಡೆಸುತ್ತದೆ. ಅಸಲಿ ಕೋವಿಗಳಿಗೆ ಒಂದು ವಿಭಾಗ, ಪ್ರತಿಕೃತಿಗಳಿಗೆ ಇನ್ನೊಂದು. ಅವರ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು: ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯುವಂತಿಲ್ಲ. ಒಂದೊಂದು ಈಡಿಗೆ ಬೇಕಾದ್ದನ್ನು ಮೊದಲೇ ಅಳೆದು ಬೇರೆ ಬೇರೆ ಪುಟ್ಟ ಕೊಳವೆಗಳಲ್ಲಿ ತರಬೇಕು. ಒಳಗೆ ಕೆಂಡವಿದ್ದು ಹೊತ್ತಿಕೊಂಡರೆ ಉರಿಯುವುದು ಒಂದು ಚಿಟಿಕೆ ಮದ್ದು, ಅರ್ಧ ಕಿಲೋದ ಡಬ್ಬಿಯಲ್ಲ. ಮೈಸೂರಿನ ಒದ್ದೆ ಕೋಲಿಗೂ ಇದಕ್ಕೂ ಕಾರಣ ಒಂದೇ.

ತುಂಬುವಾಗ ಆಗುವ ತಪ್ಪುಗಳು ನೋಡಲು ಸಣ್ಣವು. ಗುಂಡು ಪೂರ್ತಿ ಇಳಿಯದೆ ಮದ್ದಿಗೂ ಅದಕ್ಕೂ ನಡುವೆ ಖಾಲಿ ಜಾಗ ಉಳಿದರೆ, ಸಿಡಿತದ ಒತ್ತಡ ಗುಂಡು ನಿಂತ ಜಾಗದಲ್ಲಿ ನಳಿಗೆಯನ್ನು ಬಳೆಯಂತೆ ಉಬ್ಬಿಸುತ್ತದೆ, ಇಲ್ಲವೇ ಸೀಳುತ್ತದೆ. ಅದಕ್ಕೇ ಅನುಭವಿಗಳು ಗಜಕ್ಕೆ ಎರಡು ಗೆರೆ ಹಾಕಿಕೊಂಡಿರುತ್ತಾರೆ, ಖಾಲಿ ಇದ್ದಾಗ ಎಲ್ಲಿಗೆ, ಸರಿಯಾಗಿ ತುಂಬಿದಾಗ ಎಲ್ಲಿಗೆ ಎಂದು. ಕೇಪು ಸಿಡಿದು ಈಡು ಹಾರದಿದ್ದರೆ ಕೋವಿಯನ್ನು ಗುರಿಯ ದಿಕ್ಕಿಗೇ ಹಿಡಿದು ಒಂದೆರಡು ನಿಮಿಷ ಕಾಯಬೇಕು. ಒಳಗೆ ನಿಧಾನವಾಗಿ ಸುಡುತ್ತಿರುವ ಮದ್ದು ಕೊನೆಗೂ ಹಾರಬಹುದು. ಹಾರಲಿಲ್ಲವೆಂದು ಮರೆತು ಇನ್ನೊಂದು ಈಡು ತುಂಬಿದರೆ? ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನದ ನಂತರ 1863ರಲ್ಲಿ ರಣಾಂಗಣದಿಂದ ಹೆಕ್ಕಿದ 27,574 ಬಂದೂಕುಗಳಲ್ಲಿ ಸುಮಾರು 24,000 ತುಂಬಿದ್ದವು, ಅದರಲ್ಲಿ ಅರ್ಧದಷ್ಟಕ್ಕೆ ಎರಡೆರಡು ಈಡು ಬಿದ್ದಿತ್ತು, ಒಂದರಲ್ಲಿ ಇಪ್ಪತ್ಮೂರು ಈಡು ಒಂದರ ಮೇಲೊಂದು ಕೂತಿತ್ತು ಎಂದು ಆ ಕಾಲದ ವರದಿ ಹೇಳುತ್ತದೆ. ತರಬೇತಿ ಪಡೆದ ಸಿಪಾಯಿಗಳ ಪಾಡು ಅದು. ಭಾನುವಾರದ ಹವ್ಯಾಸಿಯ ಕಿವಿಗೆ ರಕ್ಷಕ, ಕಣ್ಣಿಗೆ ಕನ್ನಡಕ ಇರಲೇಬೇಕು ಎಂದು ಬೇರೆ ಹೇಳಬೇಕಿಲ್ಲ.

ಇವೆಲ್ಲಕ್ಕಿಂತ ಮಾರಕವಾದದ್ದು ಬೇರೆ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಹೊಗೆಯಿಲ್ಲದ ಮದ್ದು ತಯಾರಿಸಿದ ಮೇಲೆ ತೋಟಾಗಳಲ್ಲೆಲ್ಲ ಅದೇ. ತೋಟಾ ಒಡೆದು ಆ ಮದ್ದನ್ನು ಕೇಪಿನ ಕೋವಿಗೆ ಸುರಿದವರ ಕಥೆ ಮಲೆನಾಡಿನಲ್ಲಿ ಕೇಳಿದ್ದೇನೆ, ಮುಗಿಯುವುದು ಯಾವಾಗಲೂ ಆಸ್ಪತ್ರೆಯಲ್ಲಿ. ಅದರ ಒತ್ತಡ ಕರಿಮದ್ದಿನದಕ್ಕಿಂತ ಹಲವು ಪಟ್ಟು. ಮೆತು ಕಬ್ಬಿಣದ ನಳಿಗೆ ಅದಕ್ಕೆ ಹುಟ್ಟಿದ್ದೇ ಅಲ್ಲ.

ಹಾಗಾದರೆ ಬರ್ಮಿಂಗ್‌ಹ್ಯಾಮಿನ ಮುದ್ರೆ ಇದ್ದ ಮೇಲೆ ನಮ್ಮ ಕೋವಿ ಕರಿಮದ್ದಿಗೆ ಗಟ್ಟಿಯಲ್ಲವೇ? ಆ ಮುದ್ರೆ ಬಿದ್ದ ದಿನಕ್ಕೆ ಗಟ್ಟಿ. ಆಮೇಲಿನ ನೂರೈವತ್ತು ಮಳೆಗಾಲಗಳನ್ನು ಮುದ್ರೆ ಕಂಡಿಲ್ಲ. ಹಳೆಯ ನಳಿಗೆ ಕೆಡುವುದು ಕಣ್ಣಿಗೆ ಕಾಣದ ಕಡೆ: ಬುಡ ಮುಚ್ಚಿದ ಬಿರಡೆಯ ತಿರುಪಿನ ಎಳೆಗಳಲ್ಲಿ, ನಿಪ್ಪಲ್ಲಿನ ಸುತ್ತ, ಕಿಟ್ಟ ಸೇರಿ ವರ್ಷಗಟ್ಟಲೆ ತಿಂದಲ್ಲಿ. ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಯಾದರೆ ಬೆಸುಗೆಯ ಸಂದುಗಳಲ್ಲಿ. ಬಿರಡೆ ಬಿಚ್ಚಿ, ಒಳಗೆ ಕ್ಯಾಮರಾ ಇಳಿಸಿ, ಗೋಡೆಯ ದಪ್ಪ ಅಳೆದು ನೋಡುವ ಕಸುಬುದಾರ ಒಪ್ಪದೆ ಅಸಲಿ ಕೋವಿಯನ್ನು ಯಾರೂ ಭುಜಕ್ಕೇರಿಸಬಾರದು. ಅವನು ಒಪ್ಪಿದರೂ ಏರಿಸಬಾರದೆಂಬುದು ನನ್ನ ವಾದ. ಇಟಲಿಯ ಪೆಡರ್ಸೋಲಿ 1957ರಿಂದ, ಉಬೆರ್ತಿ 1959ರಿಂದ ಇಂಥ ಹಳೆಯ ಮಾದರಿಗಳನ್ನು ಹೊಸ ಉಕ್ಕಿನಲ್ಲಿ ಮಾಡುತ್ತಿವೆ. ಹಾರಿಸುವ ಖುಷಿ ಬೇಕಾದವರಿಗೆ ಪ್ರಪಂಚದಲ್ಲೆಲ್ಲ ಅದೇ ದಾರಿ. ನಮ್ಮಲ್ಲಿ ಅದಕ್ಕೂ ಲೈಸೆನ್ಸ್ ಬೇಕು, ಬೇಕಾಗಲಿ.

ಇನ್ನು ಹಾರಿಸಿದ ಮೇಲಿನ ಕೆಲಸ. ಇದರಲ್ಲಿ ಅಜ್ಜನಿಗಿಂತ ಹೆಚ್ಚು ಬಲ್ಲವರು ಯಾವ ದೇಶದಲ್ಲೂ ಇಲ್ಲ ಎಂದೇ ಹೇಳುತ್ತೇನೆ. ತೋಟದಿಂದ ಬಂದವರು ಕೈಕಾಲು ತೊಳೆಯುವ ಮೊದಲು ಬಚ್ಚಲಿನ ಹಂಡೆಯಿಂದ ಕುದಿಯುವ ನೀರು ತೋಡಿ ಆಲಿಕೆಯಲ್ಲಿ ನಳಿಗೆಗೆ ಹೊಯ್ಯುತ್ತಿದ್ದರು. ಮೊದಲ ಚೊಂಬಿಗೆ ನಿಪ್ಪಲ್ಲಿನಿಂದ ಮಸಿನೀರು ಚಿಮ್ಮುತ್ತಿತ್ತು, ಕೊಳೆತ ಮೊಟ್ಟೆಯ ವಾಸನೆ. ಗಂಧಕದ್ದೆಂದು ಆಮೇಲೆ ತಿಳಿಯಿತು. ನಾಲ್ಕನೆಯ ಚೊಂಬಿಗೆ ತಿಳಿನೀರು. ಬಿಸಿನೀರಿನಿಂದ ಕಾದ ಲೋಹ ತನ್ನಷ್ಟಕ್ಕೆ ಒಣಗುತ್ತದೆ, ಆದರೂ ಗಜಕ್ಕೆ ಹಳೆ ಪಂಚೆಯ ಚಿಂದಿ ಸುತ್ತಿ, ಚಿಂದಿ ಬೆಳ್ಳಗೆ ಹೊರಬರುವವರೆಗೆ ಎಳೆಯುತ್ತಿದ್ದರು. ಕರಿಮದ್ದಿನ ಉಳಿಕೆ ನೀರಿಗೆ ಕರಗುವ ಲವಣ, ಕೇಪಿನದೂ ಅಷ್ಟೇ. ಸೀಮೆಎಣ್ಣೆ ಪೆಟ್ರೋಲು ಹಾಕಿ ತೊಳೆದರೆ ಕಿಟ್ಟ ಹೋದಂತೆ ಕಾಣುತ್ತದೆ, ಉಪ್ಪು ಹೋಗುವುದಿಲ್ಲ. ಪಾಶ್ಚಾತ್ಯ ಕೈಪಿಡಿಗಳು ಪುಟಗಟ್ಟಲೆ ಬರೆದು ಕೊನೆಗೆ ಬಂದು ನಿಲ್ಲುವುದೂ ಬಿಸಿನೀರಿಗೇ.

ನಮ್ಮ ಕೋವಿ ಈಗ ಖಾಲಿ. ಮೇಣ ಹಚ್ಚಿ ಗಾಳಿಯಾಡುವ ಕಡೆ ಇಟ್ಟಿದ್ದೇವೆ, ಹಾರಿಸುವುದಿಲ್ಲ ಎಂದು ದೊಡ್ಡಪ್ಪನೂ ಒಪ್ಪಿದ್ದಾರೆ. ನಿಮ್ಮ ಅಟ್ಟದಲ್ಲೂ ಒಂದಿದ್ದರೆ ಈ ಮಳೆಗಾಲ ಹಿಡಿಯುವ ಮೊದಲು ದಯವಿಟ್ಟು ಎರಡು ಕೆಲಸ ಮಾಡಿ. ಲೈಸೆನ್ಸ್ ಪುಸ್ತಕ ತೆಗೆದು ಅದು ಬದುಕಿರುವವರ ಹೆಸರಿನಲ್ಲೇ ಇದೆಯೇ ನೋಡಿ. ಕೋವಿಯ ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಪೆನ್ಸಿಲ್ ಹಿಡಿದು ಗಜ ಹಾಕಿ ನೋಡಿ. ಅಳತೆ ನಾಲ್ಕು ಬೆರಳು ಕಡಿಮೆ ಬಂದರೆ ಅದನ್ನು ಅಲ್ಲೇ ಬಿಟ್ಟು, ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೆ ಫೋನ್ ಮಾಡಿ.